ದಿನಕ್ಕೆರಡು ಸಲ ಲವಂಗ ಮೂಸುವುದು

ಹಾಲು ಸೀದದ್ದು ನನಗೆ ಗೊತ್ತಾಗಿದ್ದು ಹೊಗೆ ಕಂಡ ಮೇಲೆ.

2021ರ ಮೇ ತಿಂಗಳು. ಕೋವಿಡ್ಡಿನ ಎರಡನೇ ಅಲೆ. ಮನೆಯಲ್ಲಿ ಮೂವರಿಗೂ ಜ್ವರ ಬಂದು ಇಳಿದಿತ್ತು. ಒಲೆಯ ಮೇಲೆ ಹಾಲಿಟ್ಟು, ಅದಕ್ಕೆ ಬೆನ್ನು ಮಾಡಿ ಕೂತು ಫೋನ್ ನೋಡುತ್ತಿದ್ದೆ. ಮಧ್ಯೆ ಹೆಚ್ಚೆಂದರೆ ಆರು ಅಡಿ. ಹಾಲು ಉಕ್ಕಿತು, ಬತ್ತಿತು, ತಳ ಹಿಡಿಯಿತು, ಕಪ್ಪಾಯಿತು. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುವಂಥ ವಾಸನೆ ಅದು. ಗಂಡ, ಮಗ ಇಬ್ಬರೂ ಅಲ್ಲೇ ಇದ್ದರು. ಯಾರಿಗೂ ಏನೂ ತಿಳಿಯಲಿಲ್ಲ. ಕಿಟಕಿಯ ಬಿಸಿಲಿನಲ್ಲಿ ಹೊಗೆ ಸುರುಳಿ ಸುತ್ತುವುದು ಕಂಡಾಗಲೇ ಎದ್ದು ಓಡಿದ್ದು.

ಪಾತ್ರೆ ನೆನೆಹಾಕಿ, ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ಖಾಲಿ ಡಬ್ಬಿ ಮೂಸಿದ ಹಾಗೆ. ಇಂಗು ತಿಂದ ಮಂಗನ ಮುಖ ಅಂತೀವಲ್ಲ, ಆ ಮಂಗಕ್ಕಾದರೂ ತಿಂದದ್ದು ಇಂಗು ಅಂತ ಗೊತ್ತಿತ್ತು. ನನಗೆ ಅದೂ ಇಲ್ಲ.

ಗಂಡನಿಗೆ ಎರಡು ವಾರಕ್ಕೆ, ಮಗನಿಗೆ ಮೂರು ವಾರಕ್ಕೆ ವಾಸನೆ ವಾಪಸ್ ಬಂತು. ನನಗೆ ಬರಲಿಲ್ಲ. ಮೊದಮೊದಲು ತಮಾಷೆ ಮಾಡಿಕೊಂಡು ಓಡಾಡಿದೆ. ಬೆಂಗಳೂರಿನಲ್ಲಿ ಮೂಗಿಲ್ಲದೆ ಇರುವುದು ವರ, ಕಸದ ಲಾರಿ ಹಿಂದೆ ಸ್ಕೂಟರ್ ಓಡಿಸಬಹುದು ಅಂತ. ಕಣ್ಣು ಕಾಣದಿದ್ದರೆ, ಕಿವಿ ಕೇಳದಿದ್ದರೆ ಜನ ಅಯ್ಯೋ ಅನ್ನುತ್ತಾರೆ. ಮೂಗು ಹೋದರೆ ನಗುತ್ತಾರೆ. ನಾನೂ ನಕ್ಕೆ. ಎರಡು ತಿಂಗಳು ಕಳೆದ ಮೇಲೆ ನಗು ನಿಂತಿತು.

ಏನು ಕಳೆದುಹೋಗಿದೆ ಅಂತ ಹೇಳುವುದೇ ಕಷ್ಟವಾಗಿತ್ತು. ಮಗನ ತಲೆ ಮೂಸಿದರೆ ಅದು ಯಾರದೋ ತಲೆ. ಒಗೆದ ಸೀರೆ, ಉಟ್ಟು ಬಿಟ್ಟ ಸೀರೆ ಎರಡೂ ಒಂದೇ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದ್ದು ಸದ್ದಿನಿಂದ ತಿಳಿಯಬೇಕು. ನನ್ನದೇ ಮನೆಯಲ್ಲಿ ನಾನು ಗಾಜಿನ ಆಚೆ ನಿಂತು ನೋಡುತ್ತಿರುವ ಹಾಗೆ. ಭಯವೂ ಇತ್ತು. ಅಡುಗೆ ಅನಿಲಕ್ಕೆ ತನ್ನದೇ ಅನ್ನುವಂಥ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತಲೇ ಮರ್ಕ್ಯಾಪ್ಟನ್ ಎಂಬ ಕೊಳೆತ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಅದು ನನಗೆ ತಲುಪುವುದಿಲ್ಲ. ರಾತ್ರಿ ಮೂರು ಸಲ ಎದ್ದು ರೆಗ್ಯುಲೇಟರ್ ಮುಟ್ಟಿ ನೋಡುವ ಚಟ ಹತ್ತಿತು.

ಆಗಸ್ಟ್‌ನಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋದೆ. ಅವರು ಮಾತ್ರೆ ಬರೆಯಲಿಲ್ಲ. "ಮುರಿದ ಕೈಗೆ ವ್ಯಾಯಾಮ ಮಾಡಿಸ್ತಾರಲ್ಲ, ಮೂಗಿಗೂ ಹಾಗೇ ಮಾಡಿಸಬೇಕು" ಅಂದರು. ಆ ವೈರಸ್ ಸಾಮಾನ್ಯವಾಗಿ ವಾಸನೆ ಹಿಡಿಯುವ ನರಕೋಶಕ್ಕಿಂತ ಅದರ ಅಕ್ಕಪಕ್ಕ ಆಸರೆಯಾಗಿ ನಿಂತ ಕೋಶಗಳನ್ನೇ ಹೊಡೆಯುತ್ತದಂತೆ. ಚಪ್ಪರದ ಕಂಬ ಕಿತ್ತರೆ ಬಳ್ಳಿ ನೆಲಕ್ಕೆ ಬೀಳುವುದಿಲ್ಲವೇ, ಹಾಗೆ. ಒಳ್ಳೆಯ ಸುದ್ದಿ ಅಂದರೆ ಮೂಗಿನ ಈ ನರಕೋಶಗಳು ಮತ್ತೆ ಹುಟ್ಟುತ್ತವೆ. ಜೀವನಪೂರ್ತಿ ಹುಟ್ಟುತ್ತಲೇ ಇರುತ್ತವೆ. ಆದರೆ ಹೊಸದಾಗಿ ಬಂದವಕ್ಕೆ ಕೆಲಸ ಹೇಳಿಕೊಡಬೇಕು.

ಹೇಳಿಕೊಡುವ ವಿಧಾನ ಕೇಳಿ ನನಗೆ ನಗು ಬಂತು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಎಂಬ ವೈದ್ಯರು ಮತ್ತವರ ತಂಡ 2009ರಲ್ಲಿ ಪ್ರಕಟಿಸಿದ ಪದ್ಧತಿ ಅದು. ನಾಲ್ಕು ವಾಸನೆ: ಗುಲಾಬಿ, ನೀಲಗಿರಿ, ನಿಂಬೆ, ಲವಂಗ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಹನ್ನೆರಡು ವಾರ. ಅಷ್ಟೇ. ಹಾಗೆ ಮೂಸಿದವರ ಮೂಗು ಸುಮ್ಮನೆ ಬಿಟ್ಟವರ ಮೂಗಿಗಿಂತ ಹೆಚ್ಚು ಸುಧಾರಿಸಿತ್ತು. ಎಲ್ಲರಿಗೂ ಅಲ್ಲ, ಪೂರ್ತಿಯೂ ಅಲ್ಲ, ಅಂತ ಡಾಕ್ಟರು ಒತ್ತಿ ಹೇಳಿದರು. ನಾಲ್ಕರಲ್ಲಿ ಮೂರು ನಮ್ಮ ಅಡುಗೆಮನೆಯಲ್ಲೇ ಇದ್ದವು. ಪನ್ನೀರು ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಲ್ಲಿ ಸಿಕ್ಕಿತು.

ನಾಲ್ಕು ಸಣ್ಣ ಬಾಟಲಿ. ಒಂದರಲ್ಲಿ ಜಜ್ಜಿದ ಲವಂಗ. ಒಂದರಲ್ಲಿ ದಿನಾ ಹೊಸದಾಗಿ ತುರಿದ ನಿಂಬೆ ಸಿಪ್ಪೆ. ಒಂದರಲ್ಲಿ ಹತ್ತಿಗೆ ಹಾಕಿದ ಎರಡು ಹನಿ ನೀಲಗಿರಿ ಎಣ್ಣೆ. ಒಂದರಲ್ಲಿ ಪನ್ನೀರು. ಒಂದೊಂದಕ್ಕೆ ಸುಮಾರು ಇಪ್ಪತ್ತು ಸೆಕೆಂಡು. ಜೋರಾಗಿ ಎಳೆಯಬಾರದು, ಮೊಲ ಮೂಸುವ ಹಾಗೆ ಸಣ್ಣಸಣ್ಣಗೆ ಮೂಸಬೇಕು. ಮೂಸುವಾಗ ಬೇರೆ ಯೋಚನೆ ಬೇಡ, ಆ ವಾಸನೆ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ ಅಂದಿದ್ದರು ಡಾಕ್ಟರು.

ಬಂದದ್ದು ವಾಸನೆ ಅಲ್ಲ, ನೆನಪು.

ಲವಂಗ ಮೂಸಿದರೆ, ಹಲ್ಲುನೋವಿಗೆ ಅಮ್ಮ ದವಡೆಯ ಸಂದಿಗೆ ಲವಂಗ ಒತ್ತಿದ್ದು. ನಿಂಬೆ ಅಂದರೆ ಆಗುಂಬೆ ಘಾಟಿ. ಹದಿನಾಲ್ಕು ತಿರುವು, ಪ್ರತಿ ತಿರುವಿಗೂ ಹೊಟ್ಟೆ ತೊಳೆಸುವುದು, ಕೈಯಲ್ಲಿ ಉಗುರಿನಿಂದ ಗೀರಿದ ನಿಂಬೆಹಣ್ಣು. ನೀಲಗಿರಿ ಅಂದರೆ ಶೀತ ಆದಾಗ ಕಂಬಳಿ ಹೊದ್ದು ಬಿಸಿನೀರಿನ ಪಾತ್ರೆಗೆ ಮುಖ ಹಿಡಿದು ಕೂರುವುದು. ಗುಲಾಬಿ ಅಂದರೆ ಮದುವೆ ಮನೆಯ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತ ಹುಡುಗಿ, ಕಣ್ಣಿಗೇ ಬೀಳುವ ಹಾಗೆ ಚಿಮುಕಿಸುವುದು. ವಾಸನೆ ಇಲ್ಲದೆಯೇ ಇವೆಲ್ಲ ಬರುತ್ತಿದ್ದವು. ಮಿದುಳಿನಲ್ಲಿ ವಾಸನೆಯ ದಾರಿ ಭಾವನೆ ಮತ್ತು ನೆನಪಿನ ಜಾಗಗಳಿಗೆ ತುಂಬ ಹತ್ತಿರದಲ್ಲಿ ಹಾದುಹೋಗುತ್ತದೆ. ಉಳಿದ ಇಂದ್ರಿಯಗಳ ಸುದ್ದಿ ಮೊದಲು ಥಾಲಮಸ್ ಎಂಬ ನಡುವಿನ ಕಚೇರಿಗೆ ಹೋಗಿ ಅಲ್ಲಿಂದ ಹಂಚಿಕೆಯಾಗುತ್ತದೆ. ಮೂಗಿಗೆ ಮಾತ್ರ ಆ ಕಾಯುವಿಕೆ ಇಲ್ಲ.

ಮೂರನೇ ವಾರದ ಹೊತ್ತಿಗೆ ಒಂದು ವಿಷಯ ಗಮನಕ್ಕೆ ಬಂತು. ಮೂಗು ಇನ್ನೂ ಸತ್ತೇ ಇತ್ತು. ಆದರೆ ನಾನು ಆ ಹೊತ್ತಿಗಾಗಿ ಕಾಯತೊಡಗಿದ್ದೆ. ನಾಲ್ಕು ಬಾಟಲಿ, ಮಧ್ಯೆ ಸ್ವಲ್ಪ ಬಿಡುವು ಸೇರಿದರೆ ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಒಂದೇ ಒಂದು ಕೆಲಸ. ದಿನದ ಉಳಿದ ಹೊತ್ತಿನಲ್ಲಿ ಹಾಗೆ ಒಂದೇ ಕೆಲಸ ಮಾಡಿದ್ದು ಯಾವಾಗ ಅಂತ ಯೋಚಿಸಿದೆ. ಉತ್ತರ ಸಿಗಲಿಲ್ಲ. ಹಾಲು ಸೀದದ್ದಕ್ಕೆ ಮೂಗೊಂದೇ ಕಾರಣ ಅಲ್ಲ ಅಂತಲೂ ಆಗ ಅನ್ನಿಸಿತು. ಬೆನ್ನು ಮಾಡಿ ಕೂತವಳು ನಾನೇ ಅಲ್ವಾ?

ಆ ದಿನಗಳಲ್ಲಿ ಒಂದು ದಡ್ಡತನವೂ ಮಾಡಿದೆ. ವಾಸನೆ ಬೇಗ ಬರಲಿ ಅಂತ ಹಬೆ ಬಿಡುವ ಒಂದು ಯಂತ್ರ ತರಿಸಿದೆ. ದಿನವಿಡೀ ಲ್ಯಾವೆಂಡರ್ ಹಬೆ. ಗಂಡನನ್ನು ಕೇಳಿದೆ, ಹೇಗಿದೆ ಅಂತ. "ಮೊದಲ ಐದು ನಿಮಿಷ ಇತ್ತು, ಈಗೇನೂ ಗೊತ್ತಾಗ್ತಿಲ್ಲ" ಅಂದರು. ನನ್ನ ಮೂಗು ಹೋಗಿದ್ದು ಸರಿ, ಇವರಿಗೇನಾಯಿತು? ಏನೂ ಆಗಿರಲಿಲ್ಲ. ಮೂಗು ಇರುವುದೇ ಹಾಗೆ. ಒಂದೇ ವಾಸನೆ ಬರುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಿಡುತ್ತದೆ. ನಮ್ಮ ಮನೆಯ ವಾಸನೆ ನಮಗೆ ಗೊತ್ತಾಗುವುದಿಲ್ಲ, ನೆಂಟರಿಗೆ ಗೊತ್ತಾಗುತ್ತದೆ. ಹೂವಿನ ಅಂಗಡಿಯವನಿಗೆ ಮಲ್ಲಿಗೆ ಇಲ್ಲ. ಬೆಳಿಗ್ಗೆ ಉಟ್ಟ ಬಟ್ಟೆ ಮೈಮೇಲಿರುವುದು ಹತ್ತು ಗಂಟೆಗೆ ನೆನಪಿರುವುದಿಲ್ಲ. ಇಂದ್ರಿಯಗಳಿಗೆ ಬದಲಾದದ್ದು ಬೇಕು, ಇದ್ದದ್ದೇ ಇದ್ದರೆ ಬೇಡ.

ಹಾಗಾದರೆ ಪರಿಮಳದ ಮೇಣದಬತ್ತಿ, ಮೆತ್ತನೆ ಸಂಗೀತ, ಬಣ್ಣದ ದೀಪ ಎಲ್ಲ ತಂದು ಮನೆ ತುಂಬಿಸಿಕೊಳ್ಳಿ, ಪಂಚೇಂದ್ರಿಯಗಳಿಗೂ ಹಬ್ಬ ಮಾಡಿಸಿ ಅಂತ ಮಾರುವವರ ಮಾತು ಅರ್ಧ ಸುಳ್ಳು. ದಿನಾ ಹಬ್ಬ ಆದರೆ ಹೋಳಿಗೆಗೂ ಬೇಸರ. ಯಂತ್ರವನ್ನು ನಾದಿನಿಗೆ ಕೊಟ್ಟೆ. ಅವಳ ಮನೆಯಲ್ಲೂ ಈಗ ಅಟ್ಟದ ಮೇಲಿದೆಯಂತೆ.

ನಾಲಿಗೆಯ ಕಥೆ ಬೇರೆ. ಅದು ಹಾಳಾಗಿರಲಿಲ್ಲ. ಉಪ್ಪು, ಹುಳಿ, ಸಿಹಿ, ಕಹಿ ಎಲ್ಲ ಗೊತ್ತಾಗುತ್ತಿತ್ತು. ಮೆಣಸಿನಕಾಯಿಯ ಖಾರ ಮೊದಲಿಗಿಂತ ಜಾಸ್ತಿಯೇ ಅನ್ನಿಸುತ್ತಿತ್ತು. ಖಾರ ರುಚಿ ಅಲ್ಲವೇ ಅಲ್ಲ. ಬಿಸಿ ತಾಗಿದಾಗ ಎಚ್ಚರಿಸುವ ನರಗಳೇ ಮೆಣಸಿನಕಾಯಿಗೂ ಎಚ್ಚರಿಸುತ್ತವೆ. ಅದನ್ನು ಬಿಡಿಸಿ ತೋರಿಸಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು, ಸ್ಪರ್ಶದ ಮೇಲೆ ಕೆಲಸ ಮಾಡಿದ ಆರ್ಡೆಮ್ ಪಟಪೌಟಿಯನ್ ಜೊತೆಗೆ. ನಾನು ಮೂಗಿಲ್ಲದೆ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದ ವರ್ಷವೇ. ಅಕ್ಟೋಬರಿನಲ್ಲಿ ಆ ಸುದ್ದಿ ಓದಿ, ಸುಮ್ನೆ ಖುಷಿಯಾಯಿತು.

ನೋವಾಗಿದ್ದು ಮಿಡಿ ಉಪ್ಪಿನಕಾಯಿ ತಿಂದಾಗ. ಊರಿನಿಂದ ಅಮ್ಮ ಕಳಿಸಿದ ಅಪ್ಪೆಮಿಡಿ. ಅದರಲ್ಲೂ ಜೀರಿಗೆ ಮಿಡಿ. ಕಚ್ಚಿದರೆ ಮಾವಿನೊಳಗಿಂದ ಜೀರಿಗೆಯ ಪರಿಮಳ ಏಳಬೇಕು. ಮಲೆನಾಡಿನವರು ಆ ಒಂದು ಪರಿಮಳಕ್ಕಾಗಿ ಹೊಳೆ ದಂಡೆಯ ಯಾವ ಮರದ ಮಿಡಿ ಅಂತ ಜಗಳ ಆಡುತ್ತಾರೆ. ನನಗೆ ಸಿಕ್ಕಿದ್ದು ಉಪ್ಪು, ಹುಳಿ, ಖಾರ. ಪ್ಯಾಕೆಟ್ಟಿನ ಉಪ್ಪಿನಕಾಯಿಗೂ ಅದಕ್ಕೂ ಏನೇನೂ ವ್ಯತ್ಯಾಸವಿಲ್ಲ. ಅಮ್ಮನಿಗೆ ಫೋನಿನಲ್ಲಿ ಚೆನ್ನಾಗಿದೆ ಅಂತ ಸುಳ್ಳು ಹೇಳಿದೆ.

ನಾವು ರುಚಿ ಅನ್ನುವುದರಲ್ಲಿ ಬಹುಪಾಲು ಮೂಗಿನದು. ಅಗಿದಾಗ, ನುಂಗಿದಾಗ ಗಂಟಲಿನ ಹಿಂದಿನಿಂದ ಪರಿಮಳ ಮೂಗಿಗೆ ಏರುತ್ತದೆ. ನಂಬಿಕೆ ಬಾರದಿದ್ದರೆ ಒಂದು ಏಲಕ್ಕಿ ತೆಗೆದುಕೊಳ್ಳಿ. ಮೂಗು ಬಿಗಿಯಾಗಿ ಹಿಡಿದು ಕಾಳುಗಳನ್ನು ಅಗಿಯಿರಿ. ಏನೋ ಚುರುಕು, ಸ್ವಲ್ಪ ಕಹಿ, ಅಷ್ಟೆ. ಈಗ ಮೂಗು ಬಿಡಿ. ನೀವು ಏಲಕ್ಕಿ ತಿನ್ನತೊಡಗುವುದು ಆ ಕ್ಷಣದಿಂದ. ಮಗ ಇದನ್ನು ತನ್ನ ಗೆಳೆಯರಿಗೆಲ್ಲ ಮಾಡಿಸಿ ನನ್ನ ಡಬ್ಬಿ ಖಾಲಿ ಮಾಡಿದ್ದಾನೆ. ಏಲಕ್ಕಿಯ ಬೆಲೆ ಗೊತ್ತಿದ್ದವರು ಸೋಂಪಿನಲ್ಲಿ ಮಾಡಿ ನೋಡಬಹುದು.

ಮೂಗು ಇಲ್ಲದಾಗ ಊಟದಲ್ಲಿ ನನಗೆ ಉಳಿದದ್ದು ಕರುಕುರು, ಬಿಸಿ, ತಣ್ಣಗೆ, ಮೆತ್ತಗೆ. ಹಾಗಾಗಿ ಕೋಸಂಬರಿ, ಹಪ್ಪಳ, ಹುರಿದ ಕಡಲೆಕಾಯಿ, ತಣ್ಣನೆ ತಂಬುಳಿ. ತಂಬುಳಿ ಗಂಟಲಲ್ಲಿ ಇಳಿಯುವುದೇ ಒಂದು ಸುಖ, ಅದನ್ನು ನಲವತ್ತು ವರ್ಷ ಉಂಡೂ ಗಮನಿಸಿರಲಿಲ್ಲ. ಮೊದಲೆರಡು ತುತ್ತನ್ನು ಟಿವಿ ಆರಿಸಿ ತಿನ್ನುವ ಅಭ್ಯಾಸ ಆಗಲೇ ಹತ್ತಿದ್ದು. ಎರಡೇ ತುತ್ತು. ಇಡೀ ಊಟವನ್ನು ಧ್ಯಾನದ ಹಾಗೆ ಮಾಡಿ ಅಂತ ಹೇಳುವವರಿಗೆ ಮನೆಯಲ್ಲಿ ಬಡಿಸುವ ಕೆಲಸ ಇರಲಿಕ್ಕಿಲ್ಲ.

ದಸರಾ ಹೊತ್ತಿಗೆ ಅಮ್ಮ ಬಂದರು. ತೀರ್ಥಹಳ್ಳಿಯಿಂದ ರಾತ್ರಿ ಬಸ್ಸು, ಒಂದು ಚೀಲ ಅಡಿಕೆ, ಒಂದು ಬಾಟಲಿ ಹರಳೆಣ್ಣೆ. ನನ್ನ ಬಾಟಲಿಗಳನ್ನು ನೋಡಿ, "ಇದೆಂತ ಮಾರಾಯ್ತಿ, ಮೂಗಿಗೂ ಟ್ಯೂಷನ್ನಾ?" ಅಂದರು. ಭಾನುವಾರ ಕೂರಿಸಿ ತಲೆಗೆ ಎಣ್ಣೆ ಹಚ್ಚಿದರು. ಸೀಗೆಪುಡಿಯ ಪರಿಮಳ ನನಗೆ ಬರುವುದಿಲ್ಲ ಅಂತ ಅತ್ತರೂ ಕೇಳಲಿಲ್ಲ. "ತಲೆ ನಿಂದೇ ಉಂಟಲ್ಲ, ಅದು ಸಾಕು."

ಅಮ್ಮನ ಕೈ ನಿಧಾನ. ನೆತ್ತಿಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಭುಜಕ್ಕೆ. ಬ್ಯೂಟಿ ಪಾರ್ಲರಿನಲ್ಲಿ ತಲೆ ಮಸಾಜ್ ಮಾಡಿಸಿಕೊಂಡಿದ್ದೇನೆ, ಅಲ್ಲಿ ಬಡಿಯುತ್ತಾರೆ, ಉಜ್ಜುತ್ತಾರೆ, ಗಡಿಯಾರ ನೋಡುತ್ತಾರೆ. ಈ ನಿಧಾನಕ್ಕೆ ಶರೀರಶಾಸ್ತ್ರದ ಕಾರಣ ಇದೆ ಅಂತ ಆಮೇಲೆ ಓದಿದೆ. ನಮ್ಮ ಕೂದಲಿರುವ ಚರ್ಮದಲ್ಲಿ ಒಂದು ಬಗೆಯ ನಿಧಾನದ ನರಗಳಿವೆ. ಚುಚ್ಚಿದ್ದು, ಒತ್ತಿದ್ದು ತಿಳಿಸುವುದು ಅವುಗಳ ಕೆಲಸ ಅಲ್ಲ. ಸವರುವುದಕ್ಕೇ ಅವು ಹೆಚ್ಚು ಮಿಡಿಯುತ್ತವೆ. ಅದೂ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈಯಷ್ಟೇ ಬೆಚ್ಚಗಿನ ಕೈ ಸವರಿದರೆ. ಅದಕ್ಕಿಂತ ಬೇಗ ಹೋದರೂ ಕಡಿಮೆ, ತೀರಾ ನಿಧಾನವಾದರೂ ಕಡಿಮೆ. ಅಳೆಯುವ ಪಟ್ಟಿ ಇಲ್ಲದೆ ಅಮ್ಮಂದಿರ ಕೈಗೆ ಆ ವೇಗ ಗೊತ್ತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬೆನ್ನು ಸವರುವವರನ್ನು ನೋಡಿ, ಯಾರೂ ಅವಸರ ಮಾಡುವುದಿಲ್ಲ.

ಕೊನೆಯ ಸಲ ಅಮ್ಮ ನನ್ನ ತಲೆ ಮುಟ್ಟಿದ್ದು ಯಾವಾಗ? ಹತ್ತು ವರ್ಷದ ಮೇಲಾಗಿರಬಹುದು. ನಮ್ಮಲ್ಲಿ ದೊಡ್ಡವರಾದ ಮೇಲೆ ಮುಟ್ಟುವುದು ಕಡಿಮೆ. ಊರಿಂದ ಹೊರಡುವಾಗ ಕಾಲಿಗೆ ನಮಸ್ಕಾರ, ಮುಗಿಯಿತು. ಕೋವಿಡ್ಡು ಅದನ್ನೂ ಆರಡಿ ದೂರಕ್ಕೆ ತಳ್ಳಿತ್ತು. ಅವತ್ತು ಎಣ್ಣೆ ಹಚ್ಚಿಸಿಕೊಂಡು ಅಲ್ಲೇ ಕೂತೆ, ಏಳಲಿಲ್ಲ. ಅಮ್ಮನೂ ಏಳು ಅನ್ನಲಿಲ್ಲ. ನೀರು ಕಾದು, ಗೀಸರ್ ತಾನೇ ಆರಿತು. ಊರಿನ ಬಚ್ಚಲೊಲೆ ಆಗಿದ್ದರೆ ಹಂಡೆ ಇನ್ನೂ ಬಿಸಿ ಇರುತ್ತಿತ್ತು, ಆ ಮಾತು ಬೇರೆ.

ಈಗ ತಿಂಗಳಿಗೆರಡು ಭಾನುವಾರ ಮಗನಿಗೆ ನಾನು ಹಚ್ಚುತ್ತೇನೆ. ಹದಿನಾರು ವರ್ಷದ ಹುಡುಗ. ಗೆಳೆಯರಿಗೆ ಹೇಳಬಾರದು ಅನ್ನುವ ಷರತ್ತಿನ ಮೇಲೆ ಕೂರುತ್ತಾನೆ. ಪರೀಕ್ಷೆಯ ವಿಷಯ, ಜಗಳದ ವಿಷಯ, ನಾನು ಕೇಳದೆಯೇ ಆಗ ಹೇಳುತ್ತಾನೆ. ಮುಖ ಕಾಣುವುದಿಲ್ಲವಲ್ಲ, ಅದಕ್ಕಿರಬೇಕು.

ಕಿವಿಯ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಆರಕ್ಕೆ ಕಣ್ಣು ಮುಚ್ಚಿ ಲವಂಗ ಮೂಸುವಾಗ ಮೂಗಿಗೆ ಏನೂ ಬರುತ್ತಿರಲಿಲ್ಲ, ಕಿವಿಗೆ ಎಲ್ಲ ಬರುತ್ತಿತ್ತು. ಕೆಳಗಿನ ಮನೆಯ ನೀರಿನ ಮೋಟರು, ಯುಪಿಎಸ್ಸಿನ ಗುಂಯ್, ಫ್ರಿಜ್ಜಿನ ನಡುಕ, ರಿವರ್ಸ್ ತೆಗೆಯುವ ಕಾರಿನ ಹಾಡು. ಇವೆಲ್ಲ ವರ್ಷಗಳಿಂದ ಇದ್ದವು. ಕೇಳಿಸಿಕೊಂಡಿರಲಿಲ್ಲ. ಆದರೆ ಕೇಳಿಸಿಕೊಳ್ಳದೇ ಇರುವುದು ಮತ್ತು ತೊಂದರೆಯಾಗದೇ ಇರುವುದು ಒಂದೇ ಅಲ್ಲ. ಮೂಗು ಸುಮ್ಮನಾಗುವ ಹಾಗೆ ಕಿವಿ ಪೂರ್ತಿ ಸುಮ್ಮನಾಗುವುದಿಲ್ಲ. ನಿದ್ದೆಯಲ್ಲೂ ಅದು ಕಾವಲು ಕೂತಿರುತ್ತದೆ. ರಸ್ತೆಯ ಸದ್ದಿಗೆ ಎಚ್ಚರ ಆಗದೇ ಇದ್ದರೂ ಮಲಗಿದವರ ಎದೆಬಡಿತ ಏರುವುದುಂಟು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿದೆ, 2000ದ ಶಬ್ದಮಾಲಿನ್ಯ ನಿಯಮ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಫೋನಿನಲ್ಲಿ ಅಳೆದರೆ ನಮ್ಮ ಬಾಲ್ಕನಿ ಬೆಳಿಗ್ಗೆ ಏಳಕ್ಕೇ 70 ತೋರಿಸುತ್ತದೆ. ಫೋನಿನ ಅಳತೆ ಪಕ್ಕಾ ಅಲ್ಲ, ಒಪ್ಪಿದೆ. ಆದರೂ ಡೆಸಿಬಲ್ ಲೆಕ್ಕ ನಮ್ಮ ಲೆಕ್ಕದ ಹಾಗಲ್ಲ. 10 ಏರಿದರೆ ಸದ್ದಿನ ಬಲ ಹತ್ತು ಪಟ್ಟು. ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ.

ಬೆಂಗಳೂರನ್ನು ನಾನು ಸುಮ್ಮನಿರಿಸಲಾರೆ. ಮನೆಯೊಳಗೆ ಒಂದಿಷ್ಟು ಮಾಡಿದೆ. ಫೋನಿನಲ್ಲಿ ಕರೆ ಬಿಟ್ಟು ಉಳಿದೆಲ್ಲದರ ಸದ್ದು ತೆಗೆದೆ. ಫ್ರಿಜ್ಜಿನ ಕಾಲ ಕೆಳಗೆ ರಬ್ಬರ್ ಇಟ್ಟೆ. ಮಿಕ್ಸಿ ಬೆಳಿಗ್ಗೆ ಎಂಟರ ಮೇಲೆ. ನೋಡದ ಟಿವಿ ಹಚ್ಚಿಡುವುದು ನಿಂತಿತು, ಅದಕ್ಕೊಂದು ಸಣ್ಣ ಯುದ್ಧವೇ ಆಯಿತು. ಕಡಲಿನ ಸದ್ದು, ಕಾಡಿನ ಸದ್ದು ಕೇಳಿಸುವ ಆ್ಯಪ್ ಹಾಕಿಕೊಳ್ಳುವ ಮೊದಲು ಇರುವ ಸದ್ದು ಕಳೆಯುವುದು ಅಗ್ಗ, ಅಷ್ಟೇ ನಾನು ಹೇಳುವುದು. ಕಳೆದ ಮೇಲೆ ಏನು ಕೇಳಿತು ಅಂದರೆ ಮಡಿವಾಳ ಹಕ್ಕಿ. ಎದುರಿನ ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತು ಐದೂಮುಕ್ಕಾಲಿಗೆ ಶುರು ಮಾಡುತ್ತದೆ. ಬಿಸಿಲು ಏರಿದ ಮೇಲೆ ಕುಟ್ರುಹಕ್ಕಿಯ ಕುಟ್ರು ಕುಟ್ರು. ಹತ್ತು ವರ್ಷ ಇದೇ ಮನೆಯಲ್ಲಿದ್ದೇನೆ.

ಕಣ್ಣಿನ ಬಗ್ಗೆ ನನಗೆ ಹೇಳುವುದು ಕಡಿಮೆ. ದಿನವಿಡೀ ಅದಕ್ಕೇ ಕೆಲಸ ಕೊಡುತ್ತೇವೆ, ಉಪದೇಶವೂ ಅದಕ್ಕೇ ಜಾಸ್ತಿ. ಒಂದೇ ಮಾತು: ಬಾಟಲಿಗಳನ್ನು ಬಾಲ್ಕನಿಗೆ ತೆಗೆದುಕೊಂಡು ಹೋಗಿ ಮೂಸತೊಡಗಿದ ಮೇಲೆ ನನ್ನ ನಿದ್ದೆ ಸುಧಾರಿಸಿತು. ಆಫೀಸಿನ ಒಳಗೆ ಬೆಳಕು 300ರಿಂದ 500 ಲಕ್ಸ್ ಇರುತ್ತದೆ. ಹೊರಗೆ ಮೋಡ ಕವಿದ ಹಗಲಿನಲ್ಲೂ ಅದು ಸಾವಿರಗಳಲ್ಲಿ. ಕಣ್ಣಿನ ಒಳಗೆ, ಹಿಂಬದಿಯ ಪರದೆಯಲ್ಲಿ, ಚಿತ್ರ ನೋಡುವುದಕ್ಕಲ್ಲದೆ ಹಗಲೋ ರಾತ್ರಿಯೋ ಅಂತ ಮಿದುಳಿಗೆ ಹೇಳುವುದಕ್ಕೇ ಇರುವ ಕೆಲವು ಕೋಶಗಳಿವೆ. 2002ರಲ್ಲಿ ಅವು ತಾವೇ ಬೆಳಕು ಹಿಡಿಯುವುದು ಗೊತ್ತಾಯಿತು. ಅವಕ್ಕೆ ಬೆಳಿಗ್ಗೆ ಬೆಳಕು ಬೇಕು, ರಾತ್ರಿ ಬೇಡ. ನಾವು ಕೊಡುವುದು ತದ್ವಿರುದ್ಧ.

ಇನ್ನೊಂದು, ಇದು ಬೆಂಗಳೂರಿನ ಅದೃಷ್ಟ. ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನಿಯ ಕ್ರುಂಬಿಗಲ್ ಒಂದು ಜಾತಿ ಮುಗಿಯುವ ಹೊತ್ತಿಗೆ ಇನ್ನೊಂದು ಹೂಬಿಡುವ ಹಾಗೆ ಊರಿಗೆ ಮರ ಆರಿಸಿದರು ಅನ್ನುತ್ತಾರೆ. ಬಡೋದೆಯಿಂದ 1908ರಲ್ಲಿ ಇಲ್ಲಿಗೆ ಬಂದವರು. ಒಂದೇ ಬಣ್ಣ ವರ್ಷವಿಡೀ ಇದ್ದರೆ ಯಾರೂ ತಲೆ ಎತ್ತುವುದಿಲ್ಲ ಅಂತ ಅವರಿಗೆ ಗೊತ್ತಿದ್ದಿರಬೇಕು. ಟಬೂಬಿಯಾ ಉದುರಿ ಜಕರಾಂಡ ಬರುತ್ತದೆ, ಆಮೇಲೆ ಗುಲ್‌ಮೊಹರ್. ಹೊಂಗೆಯ ಹೊಸ ಎಲೆ ಬಂದಾಗ ನಮ್ಮ ಬೀದಿಯ ಬೆಳಕೇ ಹಸಿರಾಗುತ್ತದೆ. ಸಿಗ್ನಲ್ಲಿನಲ್ಲಿ ಫೋನ್ ತೆಗೆಯುವ ಬದಲು ಯಾವ ಮರ ಶುರುವಾಗಿದೆ ಅಂತ ನೋಡುತ್ತೇನೆ.

ಆತಂಕ ಆದಾಗ ಮಾಡಿಸುವ ಐದು-ನಾಲ್ಕು-ಮೂರು-ಎರಡು-ಒಂದು ಅನ್ನುವ ಅಭ್ಯಾಸವನ್ನೂ ಮಾಡಿದ್ದೇನೆ. ಕಾಣುವ ಐದು, ಮುಟ್ಟುವ ನಾಲ್ಕು, ಕೇಳುವ ಮೂರು, ವಾಸನೆಯ ಎರಡು, ರುಚಿಯ ಒಂದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಟೋದೊಳಗೆ ಎದೆ ಹೊಡೆದುಕೊಳ್ಳುತ್ತಿದ್ದಾಗ ಎಣಿಸಿದೆ. ಕಂಡ ಐದೂ ಬಂಪರ್. ಕೇಳಿದ ಮೂರೂ ಹಾರ್ನ್. ವಾಸನೆ ಅನ್ನುವಲ್ಲಿಗೆ ಬಂದು ನಗು ಬಂತು, ನಗು ಬಂದದ್ದಕ್ಕೆ ಎದೆ ಇಳಿಯಿತು. ಗಾಬರಿಯ ಹೊತ್ತಿಗೆ ಅದು ಒಳ್ಳೆಯದು, ಗಮನವನ್ನು ತಲೆಯಿಂದ ಹೊರಗೆ ಎಳೆಯುತ್ತದೆ. ದಿನಾ ಮಾಡಿದರೆ ನನಗೆ ಶಾಲೆಯ ಹಾಜರಿ ಕೂಗಿದ ಹಾಗಾಗುತ್ತದೆ. ಒಂದು ಸಲಕ್ಕೆ ಒಂದೇ ಇಂದ್ರಿಯ, ಸ್ವಲ್ಪ ಹೊತ್ತು, ಆಮೇಲೆ ಬಿಟ್ಟುಬಿಡುವುದು. ನನಗೆ ಹೊಂದಿದ್ದು ಅದು.

ಮೂಗು ಏನಾಯಿತು ಅಂತ ಕೇಳುತ್ತೀರಿ. ಒಂಬತ್ತನೇ ವಾರಕ್ಕೆ ನೀಲಗಿರಿಯ ಒಂದು ಎಳೆ ಸಿಕ್ಕಿತು. ವಾಸನೆ ಅನ್ನುವುದಕ್ಕಿಂತ ತಣ್ಣನೆಯ ಒಂದು ಸುಳಿವು. ಅದಾದ ಕೆಲವು ದಿನಕ್ಕೆ ಪಾಯಸದಲ್ಲಿ ಏಲಕ್ಕಿ. ಎರಡರಲ್ಲೂ ಇರುವ ಮುಖ್ಯ ವಸ್ತು ಒಂದೇ, ಸಿನಿಯೋಲ್. ಹಾಗಾಗಿ ಜೊತೆಜೊತೆಗೇ ಬಂದವೇನೋ. ಪನ್ನೀರು ತಿಂಗಳಾದ ಮೇಲೆ. ನಿಂಬೆ ಈಗಲೂ ಅರ್ಧ. ಕಾಫಿ ಮಾತ್ರ ಕೈಕೊಟ್ಟಿತು. ವಾಸನೆ ಬಂತು, ಆದರೆ ತಪ್ಪು ವಾಸನೆ. ಡಿಕಾಕ್ಷನ್ ಇಳಿಯುವಾಗ ಸುಟ್ಟ ರಬ್ಬರ್. ವಾಸನೆ ಮರಳುವಾಗ ಹೀಗೆ ತಿರುಚಿಕೊಳ್ಳುವುದು ಬಹಳ ಜನಕ್ಕೆ ಆಗಿದೆ, ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಇದರಲ್ಲಿ ಮುಂದು. ಮಲೆನಾಡಿನವಳಿಗೆ ಕಾಫಿ ಕುಡಿಯಬೇಡ ಅಂದರೆ ಏನು ಹೇಳುವುದು. ಕಷಾಯಕ್ಕೆ ಇಳಿದೆ. ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಬೆಲ್ಲ. ಈಗ ಕಾಫಿ ಮುಕ್ಕಾಲು ಸರಿಯಾಗಿದೆ. ಉಳಿದ ಕಾಲು ಭಾಗಕ್ಕೆ ದಿನಾ ಬೆಳಿಗ್ಗೆ ಪುಡಿಯ ಡಬ್ಬಿ ತೆಗೆದು ಇಪ್ಪತ್ತು ಸೆಕೆಂಡು ಮೂಸುತ್ತೇನೆ. ಐದನೇ ಬಾಟಲಿ.

ಹೀಗೆ ಮರಳಿದವುಗಳಲ್ಲಿ ತಮಾಷೆಯದು ಬೀಟ್‌ರೂಟ್. ಅದರ ಪಲ್ಯವನ್ನು ಮಗ ಮಣ್ಣು ತಿಂದ ಹಾಗಿದೆ ಅಂತ ತಳ್ಳುತ್ತಿದ್ದ. ಅವನ ಮಾತು ಸರಿ. ಬೀಟ್‌ರೂಟಿನಲ್ಲಿ ಮಣ್ಣಿನ ವಾಸನೆ ಕೊಡುವ ಜಿಯೋಸ್ಮಿನ್ ಎಂಬ ವಸ್ತು ಇದೆ. ಮಣ್ಣಿನಲ್ಲಿ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು ಹುಟ್ಟಿಸುವುದೂ ಅದನ್ನೇ. ಮನುಷ್ಯರ ಮೂಗಿಗೆ ಅದು ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಸಿಕ್ಕಿಬೀಳುತ್ತದೆ. ನಾನು ಡಿಸೆಂಬರಿನಲ್ಲಿ ಕುಕ್ಕರ್ ಮುಚ್ಚಳ ತೆಗೆದಾಗ ಹಬೆಯೊಳಗಿಂದ ಅದು ಬಂತು. ಆವತ್ತಿನಿಂದ ನಾಲ್ಕು ದಿನ ಬೀಟ್‌ರೂಟೇ ಮಾಡಿದೆ. ಮನೆಯವರು ಸಹಿಸಿಕೊಂಡರು.

2022ರ ಏಪ್ರಿಲ್‌ನಲ್ಲಿ ಊರಿಗೆ ಹೋದೆ. ಮಧ್ಯಾಹ್ನ ಊಟ ಆಗಿ ಜಗಲಿಯಲ್ಲಿ ಮಲಗಿದ್ದೆ. ಸೆಖೆ. ತೋಟದ ಕಡೆಯಿಂದ ಗಾಳಿಯೂ ಇಲ್ಲ. ಅಮ್ಮ ಅಡುಗೆಮನೆಯಲ್ಲಿ ಏನೋ ಮಾಡುತ್ತಿದ್ದರು, ಪಾತ್ರೆ ಸದ್ದಾಗುತ್ತಿತ್ತು. ಅರೆನಿದ್ದೆಯಲ್ಲಿ ಮೂಗಿಗೆ ಏನೋ ತಾಗಿತು. ಎದ್ದು ಕೂತೆ. ಹೌದು, ಬರುತ್ತಿದೆ. ಮೂಗಿನ ತುಂಬ ಬರುತ್ತಿದೆ.

"ಅಮ್ಮಾ, ಬೀಟ್‌ರೂಟ್ ಬೇಯಿಸ್ತಾ ಇದೀಯಾ?"

"ಎಂತ ಬೀಟ್‌ರೂಟ್ ಮಾರಾಯ್ತಿ, ಅಂಗಳದಲ್ಲಿ ಹಪ್ಪಳ ಉಂಟು, ಓಡು!"

ಓಡಿದೆ. ದೊಡ್ಡ ದೊಡ್ಡ ಹನಿ, ಒಂದೊಂದಾಗಿ, ಕಾದ ಮಣ್ಣಿನ ಮೇಲೆ.